ಕುಂತಮ್ಮನ ದಿಣ್ಣೆ

ತೆನೆಕೊಪ್ಪಲಿನಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ಮೇಣದಬತ್ತಿ, ಜಪಸರ ಮಾರುವ ಅಂಗಡಿಸಾಲು. ಅದರ ಹಿಂದೆ, ದಿಣ್ಣೆಯ ಮೇಲೆ, ಸುಣ್ಣ ಬಳಿದ ಪುಟ್ಟ ಚರ್ಚು. ಶನಿವಾರ ಬಂತೆಂದರೆ ಉಳಿಯಲು ಕೋಣೆ ಸಿಗುವುದಿಲ್ಲ. ಒಳಗಿರುವ ಮಾತೆ ಮರಿಯಮ್ಮನನ್ನು ಊರವರು ಕುಂತಮ್ಮ ಎಂದೇ ಕರೆಯುತ್ತಾರೆ. ಹೊರಗಿನವರು ಅದನ್ನು ಪಾಂಡವರ ತಾಯಿಯ ಹೆಸರೆಂದುಕೊಳ್ಳುವುದುಂಟು. ಅದಲ್ಲ. ಹಿಂದೆ ಒಮ್ಮೆ, ರಾಗಿ ಬಿಟ್ಟರೆ ಊರಿಗೆ ಬೇರೇನೂ ಇಲ್ಲದಿದ್ದ ಕಾಲದಲ್ಲಿ, ಈ ದಿಣ್ಣೆ ಸಣ್ಣತಾಯಮ್ಮ ಎಂಬ ಒಕ್ಕಲಗಿತ್ತಿಯ ಕಣವಾಗಿತ್ತು ಎನ್ನುತ್ತಾರೆ. ಕಣದ ಮೂಲೆಯಲ್ಲಿ ಅವಳ ಹಗೇವು, ಎಂದರೆ ರಾಗಿ ತುಂಬಿಡುವ ನೆಲಗುಳಿ, ಇತ್ತು.

ಆಗ ಕಾವಿಯುಟ್ಟ ಪರದೇಶದ ಪಾದ್ರಿಯೊಬ್ಬರು ಊರಿನಲ್ಲಿ ನೆಲೆಸಿದ್ದರು. ಜನ ಅವರನ್ನು ರಾಯಪ್ಪಸ್ವಾಮಿ ಎನ್ನುತ್ತಿದ್ದರು. ಜ್ವರಕ್ಕೆ ಕಷಾಯ ಕೊಡುತ್ತ, ಸಂಜೆ ತಮ್ಮ ದೇವರ ಕಥೆ ಹೇಳುತ್ತ ಇದ್ದ ಅವರಿಂದ ಹತ್ತಾರು ಮನೆಯವರು ಜ್ಞಾನಸ್ನಾನ ಪಡೆದರು. ಸಣ್ಣತಾಯಮ್ಮ ಪಡೆಯಲಿಲ್ಲ, ಆದರೆ ಸಾಯಬೇಕಿದ್ದ ಮಗಳನ್ನು ಅವರು ಉಳಿಸಿಕೊಟ್ಟದ್ದನ್ನು ಮರೆತಿರಲಿಲ್ಲ. ಹೀಗಿರಲು ಗಡಿಯಲ್ಲಿ ಯುದ್ಧ ಎದ್ದಿತು. ಪಾದ್ರಿ ಶತ್ರುವಿನ ಬೇಹುಗಾರನೆಂದು ಪಾಳೆಯಗಾರನಿಗೆ ಗುಮಾನಿ ಹುಟ್ಟಿತು. ಅವನನ್ನು ಅಡಗಿಸಿಟ್ಟವರ ತಲೆಯೂ ಹೋಗುವುದೆಂದು ಡಂಗುರ ಹೊಡೆಸಿದ.

ಮರುದಿನ ಬೆಳಿಗ್ಗೆ ಕುದುರೆಗಳ ಧೂಳೆದ್ದಾಗ ರಾಯಪ್ಪಸ್ವಾಮಿ ಕಣಕ್ಕೆ ಓಡಿಬಂದರು. ಆ ಬಯಲಿನಲ್ಲಿ ಅಡಗಲು ಹಗೇವು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಅದರೊಳಗಿನ ಗಾಳಿ ಎಂಥದೆಂದು ಸಣ್ಣತಾಯಮ್ಮನಿಗೆ ಗೊತ್ತಿತ್ತು. ಅವಳ ಗಂಡ ಉಸಿರುಕಟ್ಟಿ ಸತ್ತದ್ದು ಅಲ್ಲೇ. "ಸ್ವಾಮೇರೆ, ಉಸ್ರು ಕಟ್ಟುದ್ರೆ ಕಲ್ಲು ತಟ್ಟಿ. ಏನಾರಾಗ್ಲಿ, ತೆಗೀತೀನಿ" ಎಂದಳು. ಅವರು ತಲೆಯಾಡಿಸಿ ಇಳಿದು, ರಾಗಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತರು. ಅವಳು ಚಪ್ಪಡಿ ಎಳೆದು ಮುಚ್ಚಿ, ಅದರ ಮೇಲೆ ಮೊರ ಹಿಡಿದು ಕುಳಿತಳು.

ಸವಾರರು ಬಂದರು. "ಏನಮ್ಮ, ಆ ಪಾದ್ರಿ ಈ ಕಡೆ ಬಂದ್ನಾ?" ಎಂದು ಒಬ್ಬ ಕೇಳಿದ. "ಹೊತ್ತುಟ್ಟಿದಾಗಿಂದ ಇಲ್ಲೇ ಕುಂತಿವ್ನಿ ಕಣಪ್ಪ. ಯಾರ್ನೂ ಕಾಣೆ" ಎಂದಳು. ಅವರು ಹೋಗಲಿಲ್ಲ. ಕಣದಲ್ಲೇ ಒಲೆ ಹೂಡಿ ಅಡುಗೆಗಿಟ್ಟರು. ಮೊರ ನಿಂತರೆ ಕೆಳಗಿನ ಸದ್ದು ಕೇಳಿಸೀತೆಂದು ಅವಳು ಕೇರಿದ್ದನ್ನೇ ಕೇರಿದಳು. ಈಗ ತಟ್ಟಿದರೆ ಇಬ್ಬರ ಕಥೆಯೂ ಮುಗಿಯಿತು. ತಟ್ಟದಿರಲಿ ಎಂದು ಮನೆದೇವರಿಗೆ ಹರಕೆ ಹೊತ್ತವಳೇ, ಹೊತ್ತು ಇಳಿಯತೊಡಗಿದಂತೆ, ಒಮ್ಮೆಯಾದರೂ ತಟ್ಟಲಿ ಎಂದು ಬೇಡಿಕೊಂಡಳಂತೆ. ಕಲ್ಲು ಸುಮ್ಮನಿತ್ತು. ಸಂಜೆ ಸವಾರರು ಕಣ್ಮರೆಯಾದ ಮೇಲೆ ಚಪ್ಪಡಿ ಸರಿಸಿ ದೀಪ ಇಳಿಬಿಟ್ಟಳು. ದೀಪ ಆರಿಹೋಯಿತು.

ಊರವರು ರಾಯಪ್ಪಸ್ವಾಮಿಯ ದೇಹವನ್ನು ಮೇಲೆತ್ತಿ ಅಲ್ಲೇ ಮಣ್ಣು ಮಾಡಿದರು. ಸಣ್ಣತಾಯಮ್ಮ ಬದುಕಿರುವ ತನಕ ದಿನವೂ ಬಂದು ಆ ಕಲ್ಲಿನ ಪಕ್ಕ ಕೂರುತ್ತಿದ್ದಳು. ಸಮಾಧಿ ನೋಡಲು ಬಂದವರಿಗೆ, "ತಟ್ಟಿ ಅಂದಿದ್ದೆ. ನನ್ ತಲೆ ಹೋಯ್ತದೆ ಅಂತ ತಟ್ಟನಿಲ್ಲ" ಎಂದಷ್ಟೇ ಹೇಳುತ್ತಿದ್ದಳು. ಆ ಮಾತು ಊರಿಂದೂರಿಗೆ ಹೋಯಿತು; ಕೇಳಿದವರು ಗಾಡಿ ಕಟ್ಟಿಕೊಂಡು ಬಂದರು. ಮುಂದೆ ಬಂದ ಪಾದ್ರಿಗಳು ಅಲ್ಲಿ ಗುಡಿ ಕಟ್ಟಿಸಿ, ಕುಳಿತ ಭಂಗಿಯ ಮಾತೆಯನ್ನು ಪ್ರತಿಷ್ಠಾಪಿಸಿದರು. ಜನರ ಬಾಯಲ್ಲಿ ಆಕೆಗೂ ಕಲ್ಲಿನ ಮೇಲೆ ಕುಂತವಳಿಗೆ ಇಟ್ಟ ಕುಂತಮ್ಮ ಎಂಬ ಹೆಸರೇ ನಿಂತಿತು.

ಚಪ್ಪಡಿ ಈಗಲೂ ಇದೆ. ಬಂದವರು ಅದರ ಬಳಿ ಸ್ವಲ್ಪ ಹೊತ್ತು ಕೂರುತ್ತಾರೆ. ಮಕ್ಕಳು ಆಟಕ್ಕೆಂದು ಅದನ್ನು ತಟ್ಟಲು ಹೋದರೆ ತಾಯಂದಿರು ಕೈ ಹಿಡಿದುಕೊಳ್ಳುತ್ತಾರೆ.