ಏಲಕ್ಕಿ ಹೆಚ್ಚಾದ ಪಾನಕ

"ಗುರುಗಳೇ, ಟೀಕೆಗೆ ಉತ್ತರ ಕೊಡದೆ ಬಿಟ್ಟರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡ ಹಾಗಲ್ಲವೇ?"

ಶಿಷ್ಯ ಹೀಗೆ ಕೇಳಿದಾಗ ಅವನ ಮುಂದೆ ಕಾಗದಗಳ ದೊಡ್ಡ ಕಟ್ಟು ಇತ್ತು. ಮನೆಗೆ ಬಂದವರನ್ನು ಉಪಚರಿಸುವುದು ಹೇಗೆ, ಬೇಸಿಗೆಯಲ್ಲಿ ಅವರಿಗೆ ಕುಡಿಯಲು ಏನು ಕೊಡಬೇಕು ಎಂದು ಅವನು ಮಠದ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದ. ಓದುಗರು ಕಾಗದ ಬರೆಯುತ್ತಿದ್ದರು. ಮಜ್ಜಿಗೆಗೆ ಶುಂಠಿ ಹಾಕಿ ಎಂದರೆ ಶುಂಠಿ ಯಾಕೆ ಎಂದರು. ಬೇಡ ಬಿಡಿ ಎಂದರೆ, ಶುಂಠಿಯಿಲ್ಲದ್ದೂ ಒಂದು ಮಜ್ಜಿಗೆಯೇ ಎಂದು ಮೂದಲಿಸಿದರು. ಒಬ್ಬರಂತೂ, ಕಾಫಿಯ ಹೆಸರೇ ಎತ್ತದ ನೀನು ಎಂಥ ಮನೆಯಲ್ಲಿ ಹುಟ್ಟಿದೆ ಎಂದು ಕೇಳಿದ್ದರು. ಶಿಷ್ಯ ಒಂಬತ್ತು ಕಾಗದಗಳಿಗೆ ಉತ್ತರ ಬರೆದು, ಹತ್ತನೆಯದಕ್ಕೆ ರೇಗಿ ಲೇಖನಿ ಎಸೆದಿದ್ದ.

ಗುರುಗಳು ಕಟ್ಟನ್ನು ನೋಡಿದರು. "ಒಂದು ಲೋಟ ಮಜ್ಜಿಗೆಗೆ ಇಷ್ಟು ದೊಡ್ಡ ರಾಮಾಯಣ! ಸಾಕಪ್ಪ ಸಾಕು. ಅದನ್ನು ಅತ್ತ ಇಡು, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬೇಲದ ಹಣ್ಣಿನ ಪಾನಕ ಮಾಡುವುದರಲ್ಲಿ ಅವನದು ಎತ್ತಿದ ಕೈ. ಬೇಸಿಗೆ ಬಂತೆಂದರೆ ಹೆಂಡತಿಯನ್ನೂ ಹತ್ತಿರ ಬಿಡದೆ ತಾನೇ ಹಣ್ಣು ಕಿವುಚಿ, ಬೆಲ್ಲ ಕದಡಿ, ಏಲಕ್ಕಿ ಕುಟ್ಟಿ ಹಾಕುತ್ತಿದ್ದ. ಅವನ ಮನೆಯ ಮೆಟ್ಟಿಲು ಹತ್ತಿದವರು ಯಾರೂ ಒಣ ಬಾಯಲ್ಲಿ ಇಳಿದದ್ದಿಲ್ಲ. ಒಳ್ಳೆಯವನೇ, ಇಲ್ಲ ಎನ್ನಲಾರೆ.

ಆದರೆ ಕುಡಿದವರು ಸುಮ್ಮನಿರುತ್ತಾರೆಯೇ? ಊರ ಬಾಯಿಗೆ ಮುಚ್ಚಳವಿಲ್ಲ. ಒಬ್ಬ ಸಿಹಿ ಮುಂದಾಯಿತು ಎಂದ. ಒಬ್ಬ ನಾರು ಸಿಕ್ಕಿತು ಎಂದ. ಲೋಟ ಚಿಕ್ಕದು ಎಂದವನೇ, ಇನ್ನೊಂದು ಲೋಟ ಕೊಟ್ಟರೆ ಇಷ್ಟೊಂದು ಯಾರು ಕುಡಿಯುತ್ತಾರೆ ಎಂದ. ವ್ಯಾಪಾರಿ ಮೊದಮೊದಲು ನಕ್ಕು ಬಿಟ್ಟ. ಆಮೇಲೆ ಉತ್ತರ ಕೊಡಲು ಶುರು ಮಾಡಿದ. ಬರಬರುತ್ತಾ ಪಾನಕ ಕೊಡುವುದಕ್ಕಿಂತ ಉತ್ತರ ಕೊಡುವುದೇ ಅವನಿಗೆ ಹೆಚ್ಚು ರುಚಿಸಿತು. ಬೆಲ್ಲಕ್ಕೊಂದು, ನಾರಿಗೊಂದು, ಲೋಟಕ್ಕೊಂದು ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಹೊಸದೊಂದು ಉತ್ತರ ಹೊಳೆದರೆ ತನ್ನಷ್ಟಕ್ಕೆ ತಾನೇ ತಲೆಯಾಡಿಸುತ್ತಿದ್ದ. ಇಂಥವನಿಗೆ ಏನು ಹೇಳುವುದು!

ಅವನಿಗೆ ಒಬ್ಬ ತಮ್ಮನಿದ್ದ. ತಾಯಿ ಸತ್ತು ಮನೆ ಪಾಲಾದಾಗ, ಅವಳ ತಾಮ್ರದ ಹಂಡೆ ಯಾರಿಗೆ ಎಂಬ ಮಾತು ಬಂದು ಇಬ್ಬರೂ ಜಗಳವಾಡಿದರು. 'ಇನ್ನು ನಿನ್ನ ಮನೆ ನೀರು ಮುಟ್ಟಿದರೆ ಕೇಳು' ಎಂದು ತಮ್ಮ ಎದ್ದು ಹೋದ. ಆ ಸೀಮೆಯಲ್ಲಿ ಈ ಮಾತು ಆಡಿದವರು ಹಾಗೆಯೇ ನಡೆದುಕೊಳ್ಳುತ್ತಾರೆ. ಅಂಥವರು ಒಬ್ಬರ ಮದುವೆಗೆ ಒಬ್ಬರು ಬರುವುದಿಲ್ಲ, ಸಾವಿಗೂ ಬರುವುದಿಲ್ಲ. ಮತ್ತೆ ಒಂದಾಗಬೇಕಾದರೆ ಹೊಸಿಲು ದಾಟಿ ಬಂದು ಆ ಮನೆಯಲ್ಲಿ ಒಂದು ಗುಟುಕು ಕುಡಿಯಬೇಕು. ತಪ್ಪಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹನ್ನೊಂದು ವರ್ಷ ಹೀಗೇ ಕಳೆಯಿತು. ವ್ಯಾಪಾರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳನ್ನು ಕೂಸಾಗಿದ್ದಾಗ ಎತ್ತಿ ಆಡಿಸಿದವನು ಅವನೇ. ಆ ಹುಡುಗಿ ಬೀದಿಯಲ್ಲಿ ಹೋಗುವಾಗ ಗಿರಾಕಿಯನ್ನೂ ಬಿಟ್ಟು ಅಂಗಡಿಯಿಂದ ಕತ್ತು ಚಾಚಿ ನೋಡುತ್ತಿದ್ದ. ಮಾತಾಡಿಸುವ ಹಾಗಿರಲಿಲ್ಲ.

ಅವಳಿಗೆ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ ತಮ್ಮ ಕುಂಕುಮದ ಭರಣಿ ಹಿಡಿದುಕೊಂಡು, ಮದುವೆಗೆ ಕರೆಯಲು ಅಣ್ಣನ ಮನೆಗೆ ಬಂದ. ಹೊಸಿಲು ದಾಟಿದ. ಚಾಪೆಯ ಮೇಲೆ ಕುಳಿತ. ವ್ಯಾಪಾರಿ ಒಳಗೆ ಹೋಗಿ ಪಾನಕ ತಂದ. ಹೆಂಡತಿ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ತಮ್ಮ ಲೋಟ ತೆಗೆದುಕೊಂಡು ಎರಡು ಗುಟುಕು ಕುಡಿದ. ಅಲ್ಲಿಗೆ ಜಗಳವೆಲ್ಲ ಮುಗಿದಿತ್ತು. ಇಬ್ಬರೂ ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು.

ತಮ್ಮ ತಲೆಯೆತ್ತಿ, 'ಏಲಕ್ಕಿ ಸ್ವಲ್ಪ ಜಾಸ್ತಿ ಆಯ್ತು ಕಣಣ್ಣ. ಅವ್ವ ಇಷ್ಟು ಹಾಕ್ತಿರ್ಲಿಲ್ಲ' ಎಂದ.

ಹಾಳಾದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. 'ಈಗಿನ ಏಲಕ್ಕೀಲಿ ಘಮ ಎಲ್ಲಿದೆ? ಎರಡು ಹೆಚ್ಚಿಗೆ ಹಾಕಲೇಬೇಕು. ಊರೆಲ್ಲ ಕುಡೀತದೆ, ನಿನಗೊಬ್ಬನಿಗೆ ಜಾಸ್ತಿ ಆಯ್ತಾ? ಅವ್ವ ಎಷ್ಟು ಹಾಕ್ತಿದ್ಲು ಅಂತ ನನಗೆ ಹೇಳ್ಕೊಡ್ತೀಯಾ? ಕೊನೇಗಾಲದಲ್ಲಿ ಅವಳ ಪಕ್ಕ ಕೂತೋನು ನಾನು' ಎಂದ.

ತಮ್ಮ ಲೋಟವನ್ನು ಕೆಳಗಿಟ್ಟ. ಭರಣಿಯ ಮುಚ್ಚಳ ತೆಗೆಯಲೇ ಇಲ್ಲ. ಅದನ್ನು ಹಾಗೆಯೇ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ವ್ಯಾಪಾರಿ ಹೆಂಡತಿಯ ಕಡೆ ತಿರುಗಿ, 'ನೋಡಿದ್ಯಾ, ಒಂದೇ ಮಾತಿಗೆ ಬಾಯಿ ಮುಚ್ಚಿಸಿದೆ' ಎಂದ. ಗೆದ್ದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ, ಪುಣ್ಯಾತ್ಮನಿಗೆ.

'ಹನ್ನೊಂದು ವರ್ಷ ಆದ್ಮೇಲೆ ಅವನು ನಿಮ್ಮ ಮುಂದೆ ಅವ್ವನ ಹೆಸರೆತ್ತಿದ. ನೀವು ಏಲಕ್ಕಿಗೆ ಉತ್ತರ ಹೇಳಿ ಕಳ್ಸಿದ್ರಿ' ಎಂದು ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಕಾಗದಗಳ ಕಟ್ಟನ್ನು ಹತ್ತಿರ ಎಳೆದುಕೊಂಡ. ಹುಬ್ಬು ಗಂಟಿಕ್ಕಿದ. ಕೊನೆಗೆ, ಎಸೆದಿದ್ದ ಲೇಖನಿಯನ್ನು ಎತ್ತಿಕೊಂಡು ಕೇಳಿದ:

"ಗುರುಗಳೇ, ಅದಿರಲಿ, ಏಲಕ್ಕಿಯ ವಿಷಯದಲ್ಲಿ ಯಾರ ಮಾತು ಸರಿ? ಅಣ್ಣನದೋ, ತಮ್ಮನದೋ?"

ಗುರುಗಳು ಹಣೆಗೆ ಕೈಹಚ್ಚಿಕೊಂಡರು.

"ಆ ಹುಡುಗಿಯ ಮದುವೆಗೆ ದೊಡ್ಡಪ್ಪ ಹೋದನೋ ಇಲ್ಲವೋ ಎಂದು ನೀನು ಕೇಳಲೇ ಇಲ್ಲವಲ್ಲೋ."