ಕೂಗುಬಂಡೆ

ಇದು ನಡೆದದ್ದು 1908ರ ಮಾರ್ಗಶಿರ ಮಾಸದಲ್ಲಿ. ನಮ್ಮೂರಿನ ಪಡುವಣ ಗುಡ್ಡದ ನೆತ್ತಿಯಲ್ಲಿ ಈಗ ಛಾವಣಿಯಿಲ್ಲದ ಉದ್ದನೆಯ ಕಟ್ಟಡವೊಂದಿದೆ. ಅದರ ಮುಂದೆ ಕಣಿವೆಯ ಕಡೆಗೆ ಚಾಚಿದ ಚಪ್ಪಟೆ ಬಂಡೆ. ಗಾಳಿ ಅಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಬಂಡೆಗೆ ಕೂಗುಬಂಡೆ ಎಂಬ ಹೆಸರು ಬಂದದ್ದು ಥಾರ್ನ್‌ಬಿ ಎಂಬ ಇಂಗ್ಲಿಷ್ ಹೆಡ್‌ಮಾಸ್ತರರಿಂದ ಎನ್ನುತ್ತಾರೆ.

ಹಿಂದೆ ಆ ಕಟ್ಟಡದಲ್ಲಿ ಅವರ ವಸತಿಶಾಲೆಯಿತ್ತು. ಥಾರ್ನ್‌ಬಿ ಜೋಡು ಹೊಲಿಯುವವನ ಮಗ. ತಮ್ಮ ದೇಶದ ಶಾಲೆಯಲ್ಲಿ ಹುಡುಗರು ಅಪ್ಪನ ಕಸುಬು ಎತ್ತಿ ಹಂಗಿಸಿದ್ದನ್ನು ಅವರು ಮರೆತಿರಲಿಲ್ಲ. ಇಲ್ಲಿಗೆ ಬಂದಾಗ, ಹೆಸರು ಕೇಳಿದೊಡನೆ ಜನಕ್ಕೆ ಜಾತಿ ತಿಳಿದುಹೋಗುವುದನ್ನು ಕಂಡರು. ಶಾಲೆಯಲ್ಲಿ ಹೆಸರನ್ನೇ ನಿಷೇಧಿಸಿದರು. ದೇಸಾಯಿಯ ಮಗ ನಾಲ್ಕು, ಊರಾಚೆ ಕೇರಿಯ ಹುಡುಗ ಹದಿನೇಳು. ಮಂಚದ ಮೇಲಿನ ಗೋಡೆಯಲ್ಲಿ ಕೆತ್ತಿದ ಸಂಖ್ಯೆಯೇ ಗುರುತು. ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಹಂಡೆಯ ನೀರು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರೂ ಅವರು ಜಗ್ಗಲಿಲ್ಲ.

ಒಂದು ಸಂಜೆ ಹದಿನೇಳು ಕಾಣೆಯಾದ. ಮನೆ ನೆನಪಾಗಿ ಓಡಿದ್ದ. ಕಣಿವೆ ತುಂಬ ಮಂಜು, ಕೆಳಗೆ ಆಳದ ಕೊರಕಲು. ಥಾರ್ನ್‌ಬಿ ಬಂಡೆಯ ಆ ತುದಿಯಿಂದ ಈ ತುದಿಗೆ ತಿರುಗುತ್ತ "ಹದಿನೇಳು" ಎಂದು ಕೂಗಿದರು. ಕುಳಿತರು, ಎದ್ದರು, ಮತ್ತೆ ಕೂಗಿದರು. ಎಲ್ಲೋ ಕಲ್ಲು ಉರುಳಿದ ಸದ್ದಾಯಿತು. ಕೊನೆಗೆ ಹುಡುಗರತ್ತ ತಿರುಗಿ ಅವನ ಹೆಸರೇನೆಂದು ಕೇಳಿದರು.

"ಹೆಸರು ಹೇಳಿದ್ರೆ ಊಟ ಇಲ್ಲ ಅಂದಿದ್ರಲ್ಲ, ಸಾರ್," ಎಂದ ದೇಸಾಯಿಯ ಮಗ.

"ಊಟ ಹಾಕಿಸ್ತೇನೆ. ಹೇಳು."

"ದುರುಗಪ್ಪ."

ಅವರು ಕೂಗಿದರು. ನಾಲಿಗೆ ತೊಡರಿತು. ಇನ್ನೊಮ್ಮೆ ಕೂಗಿದರು. ಮಂಜಿನೊಳಗಿಂದ "ಇಲ್ಲಿದೀನಿ, ಸಾರ್" ಎಂಬ ಸಣ್ಣ ದನಿ ಬಂತು. ಕೊರಕಲಿನ ಅಂಚಿನಲ್ಲಿ ಪೊದೆ ಹಿಡಿದು ಕುಳಿತಿದ್ದವನನ್ನು ಆ ದನಿಯ ಜಾಡಿನಲ್ಲೇ ಇಳಿದು ಎತ್ತಿ ತಂದರು.

"ಮೊದಲು ಕೂಗಿದ್ದು ಕೇಳಿಸಲಿಲ್ಲವೇ?"

"ಕೇಳಿಸ್ತು. ನಂಬರು ಕೂಗಿದ್ರೆ ಬೈಯೋಕೆ ಅಂತ ಸುಮ್ಮನಿದ್ದೆ."

ಮರುದಿನ ಥಾರ್ನ್‌ಬಿ ತಾವೇ ಉಳಿ ಹಿಡಿದು ಗೋಡೆಯ ಸಂಖ್ಯೆಗಳನ್ನು ಕೆತ್ತಿ ಅಳಿಸಿದರು. ಪಂಕ್ತಿ, ಹಂಡೆ ಬದಲಾಗಲಿಲ್ಲ. ಅಂದಿನಿಂದ ಪ್ರತಿ ಸಂಜೆ ಬಂಡೆಯ ಮೇಲೆ ನಿಂತು ಒಬ್ಬೊಬ್ಬನನ್ನೂ ಹೆಸರು ಹಿಡಿದು ಕೂಗುತ್ತಿದ್ದರಂತೆ. ಕೊನೆಯ ಹುಡುಗ ಓಗೊಡುವವರೆಗೆ ಕೂರುತ್ತಿರಲಿಲ್ಲವಂತೆ. ಹೆಸರಿನ ಹಿಂದೆ ಜಾತಿಯೂ ಒಳಗೆ ಬಂದೀತೆಂಬ ಚಿಂತೆ ಮಾತ್ರ ಅವರನ್ನು ಸಾಯುವವರೆಗೂ ಬಿಡಲಿಲ್ಲ ಎನ್ನುತ್ತಾರೆ. ಈಗ ಹೋದವರಿಗೆ ಗೋಡೆಯುದ್ದಕ್ಕೂ ಉಳಿಯ ಗಾಯಗಳು ಕಾಣುತ್ತವೆ. ಒಂದು ಸಂಖ್ಯೆಯನ್ನು ಅವರು ಉಳಿಸಿದ್ದಾರೆ: 17.