ಎಂದರೆ ಸರಿಯಲ್ಲ

ಟೀವಿ ಆರಿಸಿ ಇತ್ತ ತಿರುಗಿ ಕೂತರೆ ಹೇಳುತ್ತೇನೆ. ಒಂದೂರಲ್ಲಿ ಸಣ್ಣೀರಮ್ಮ ಅಂತ ಒಬ್ಬಳು, ಅವಳಿಗೊಬ್ಬ ಮಗ ಬೈರಲಿಂಗ. ವಯಸ್ಸು ಇಪ್ಪತ್ತೆಂಟು, ಆಳು ಕಂಬದ ಹಾಗೆ, ಬುದ್ಧಿ ಮಾತ್ರ ಬೆಳೆಯೋದು ಮರೆತಿತ್ತು. ಹಾಲು ಉಕ್ಕುತ್ತೆ ನೋಡ್ಕೋ ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿ, "ನೋಡಿದೆ ಅವ್ವ" ಅನ್ನುತ್ತಿದ್ದ.

ಸಣ್ಣೀರಮ್ಮನ ಬದುಕು ಅಂದರೆ ಒಂದು ಹಿಟ್ಟಿನ ಮಿಶಿನ್ನು. ಓಣಿಯ ಕೊನೆಗೆ ಅಡ್ಡಲಾಗಿ ಮಣ್ಣುಗೋಡೆಯ ಸಣ್ಣ ಮನೆ, ಅದರೊಳಗೆ ಮಿಶಿನ್ನು. ಪಕ್ಕದ ಮನೆಯ ಓಬಳೇಶ ಒಂದು ದಿನ ಓಣಿ ನನ್ನದು ಅಂತ ಮುಳ್ಳು ಹಾಕಿಬಿಟ್ಟ. ರಾಗಿ ಡಬ್ಬ ಹೊತ್ತು ಬಂದವರು ಬಂದ ಹಾಗೇ ತಿರುಗಿದರು. ಓಣಿ ಹೋದರೆ ಮಿಶಿನ್ನು ಹೋಯಿತು, ಮಿಶಿನ್ನು ಹೋದರೆ ತಾಯಿ ಮಗ ಇಬ್ಬರಿಗೂ ಊಟ ಹೋಯಿತು. ಸಣ್ಣೀರಮ್ಮ ಕೋರ್ಟಿಗೆ ಹೋದಳು. ಸಾಕ್ಷಿ ಯಾರು? ಊರವರು ಓಬಳೇಶನ ಬಾಯಿಗೆ ಹೆದರಿ ಹಿಂದೆ ಸರಿದರು, ಉಳಿದವನು ಆ ಓಣಿಯಲ್ಲಿ ದಿನಾ ಡಬ್ಬ ಹೊರುತ್ತಿದ್ದ ಬೈರಲಿಂಗ ಒಬ್ಬನೇ.

ಆಗ ಸಂಜೆ ಏಳೂವರೆಗೆ 'ಕರಿಕೋಟು ಕನಕ' ಅಂತ ಧಾರಾವಾಹಿ ಬರುತ್ತಿತ್ತು. ಕನಕ ಲಾಯರು. ಕೋರ್ಟಲ್ಲಿ ಎಲ್ಲರನ್ನೂ ಗೆಲ್ಲುತ್ತಾಳೆ, ಮನೆಗೆ ಬಂದು ಅತ್ತೆಯ ಹತ್ತಿರ ಸೋಲುತ್ತಾಳೆ. ಊರಿಗೆ ಊರೇ ಕೆಟ್ಟುಹೋಗಿತ್ತು. ದರ್ಜಿಯ ಅಂಗಡಿಯಲ್ಲಿ ಕನಕನ ಕಾಲರಿನ ರವಿಕೆ. ಬದನೆಕಾಯಿಗೆ ಹುಳ ಬಿದ್ದಿದೆ ಅಂದರೆ ತರಕಾರಿಯವಳು "ಪುರಾವೆ ಏನು?" ಅನ್ನುವಳು. ನಿಜವಾದ ಲಾಯರುಗಳೇ ಕೋಟು ಝಾಡಿಸಿ, ಹಿಂದಿನಿಂದ ಸಂಗೀತ ಬರಲಿ ಅನ್ನುವ ಹಾಗೆ ಒಂದು ಗಳಿಗೆ ತಡೆದು ಮಾತಾಡುತ್ತಿದ್ದರು. ನನಗಂತೂ ಆ ಹುಚ್ಚು ಕಂಡರೆ ಮೈ ಉರಿಯುತ್ತಿತ್ತು. ಆದರೆ ಒಂದು ಕಂತೂ ಬಿಟ್ಟವನಲ್ಲ ಬಿಡಿ.

ಸಣ್ಣೀರಮ್ಮ ಮಗನನ್ನು ಟೀವಿ ಮುಂದೆ ಕೂರಿಸಿದಳು. "ಲೋ ಲಿಂಗ, ಕನಕನ್ನ ನೋಡಿ ಕಲಿ. ನಾಕು ಜನ ಸೇರಿದ ಕಡೆ ಅವಳು ಮಾತಾಡ್ದಂಗೆ ಮಾತಾಡು."

"ಆಗಲಿ ಅವ್ವ."

ಮೇಲಿನ ಬೀದಿಯಲ್ಲಿ ಒಂದು ನಿಶ್ಚಿತಾರ್ಥ. ನಾಲ್ಕು ಜನ ಏನು, ನಾನೂರು ಜನ ಸೇರಿದ್ದರು. ಐನೋರು ಲಗ್ನಪತ್ರಿಕೆ ಓದಲು ಬಾಯಿ ತೆರೆದರು. ಬೈರಲಿಂಗ ಎದ್ದು ಕೈ ಎತ್ತಿದ.

"ಆಕ್ಷೇಪಣೆ ಇದೆ ಮಹಾಸ್ವಾಮಿ!"

ಗಂಡಿನ ಕಡೆಯವರು ಎದ್ದು ನಿಂತರು. ಹೆಣ್ಣಿನ ತಂದೆ ಕೈ ಮುಗಿದುಕೊಂಡು ಬಂದರು. "ಏನಪ್ಪಾ ಆಕ್ಷೇಪಣೆ?" ಅಂತ ಕೇಳಿದರು.

"ಅದು ಗೊತ್ತಿಲ್ಲ. ಟೀವೀಲಿ ಇಲ್ಲಿಗೆ ಜಾಹೀರಾತು ಬರುತ್ತೆ" ಅಂದ ಬೈರಲಿಂಗ.

ತಾಯಿ ಕಿವಿ ಹಿಡಿದು ಮನೆಗೆ ಎಳೆದು ತಂದಳು. "ಮಾನ ತೆಗೆದೆಯಲ್ಲೋ ದಡ್ಡ. ಯಾರಾದ್ರೂ ಕೇಳಿದ್ರೆ ಮಾತ್ರ ಮಾತಾಡು. ಕೇಳಿದ್ದಕ್ಕೆ ಎಷ್ಟೋ ಅಷ್ಟೇ."

"ಆಗಲಿ ಅವ್ವ."

ವಾರ ಕಳೆದ ಮೇಲೆ ಓಣಿ ಅಳೆಯಲು ಸರ್ವೇಯರು ಬಂದರು. "ಏನಪ್ಪ, ನಿಮ್ಮವ್ವ ಇದಾರಾ?" ಅಂದರು.

"ಇದಾರೆ."

ಸರ್ವೇಯರು ಜಗಲಿಯ ಮೇಲೆ ಕೂತರು. ಹನ್ನೊಂದಾಯಿತು, ಒಂದಾಯಿತು, ಮೂರಾಯಿತು. ಬಿಸಿಲಿಗೆ ತಲೆ ಸಿಡಿಯಿತು. "ಒಳಗೇನು ಮಾಡ್ತಿದಾರಯ್ಯ ನಿಮ್ಮವ್ವ?"

"ಒಳಗೆಲ್ಲಿದಾರೆ ಸಾರ್? ಚಿಕ್ಕಮ್ಮನ ಊರಿಗೆ ಹೋಗವ್ರೆ."

"ಮತ್ತೆ ಇದಾರೆ ಅಂದೆ?"

"ಇದಾರಲ್ಲ, ಚಿಕ್ಕಮ್ಮನ ಮನೇಲಿ. ಎಲ್ಲಿದಾರೆ ಅಂತ ನೀವು ಕೇಳ್ಲೇ ಇಲ್ಲ."

ಸರ್ವೇಯರು ಅಳತೆಯ ಸರಪಳಿ ಸುತ್ತಿಕೊಂಡು ಹೊರಟೇಹೋದರು. ಸಣ್ಣೀರಮ್ಮ ಬಂದು ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ. ಮನೆ ಬಾಗಿಲಿಗೆ ಬಂದೋರಿಗೆ ಕೇಳದಿದ್ರೂ ಎಲ್ಲಾನೂ ಬಿಡಿಸಿ ಹೇಳಬೇಕು ಕಣೋ."

"ಆಗಲಿ ಅವ್ವ."

ಮರುದಿನವೇ ಮನೆ ಬಾಗಿಲಿಗೆ ಬಂದವನು ಯಾರು? ಆ ಓಬಳೇಶ. "ಚೆನ್ನಾಗಿದೀಯೇನಪ್ಪ?" ಅಂದ.

ಬೈರಲಿಂಗ ಅವನನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ಎಲ್ಲಾನೂ ಬಿಡಿಸಿ ಹೇಳಿದ. ಹಳೆ ಪತ್ರ ಇಲಿ ತಿಂದಿದೆ. ಸಾಕ್ಷಿಗೆ ನನ್ನ ಬಿಟ್ಟರೆ ಯಾರೂ ಇಲ್ಲ. ನಮ್ಮ ಲಾಯರು ಗುರುಮಲ್ಲಪ್ಪನೋರು, 'ನೀನು ಬಾಯಿ ಬಿಟ್ಟರೆ ಕೇಸು ಮುಗೀತು' ಅಂತ ನನಗೇ ಅಂದವ್ರೆ. ಓಬಳೇಶ ಇನ್ನೊಂದು ಲೋಟ ನೀರು ಕೇಳಿ ಕುಡಿದು, ನಗುತ್ತಾ ಹೋದ.

ಆ ದಿನ ಸಣ್ಣೀರಮ್ಮ ಬೈಯಲಿಲ್ಲ, ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ಬೈದದ್ದು ಲಾಯರು. "ನೋಡಯ್ಯ, ಎದುರು ಲಾಯರು ಏನೇನೋ ಹೇಳಿ 'ಎಂದರೆ ಸರಿಯೇ?' ಅಂತಾರೆ. ಏನೇ ಹೇಳ್ಲಿ, ನೀನು 'ಎಂದರೆ ಸರಿಯಲ್ಲ' ಅನ್ನು. ಬೇರೆ ಒಂದಕ್ಷರ ಆಡಬೇಡ."

"ಆಗಲಿ ಸ್ವಾಮಿ."

ಕೋರ್ಟಿನ ದಿನ ಬಂತು. ಎದುರು ಲಾಯರು ಕನಕನ ಹಾಗೆ ಕೋಟು ಝಾಡಿಸಿದರು.

"ಈ ಓಣಿ ಓಬಳೇಶನ ಸ್ವಂತದ್ದು ಎಂದರೆ ಸರಿಯೇ?"

"ಎಂದರೆ ಸರಿಯಲ್ಲ."

"ನೀವು ಇತ್ತೀಚೆಗೆ ಓಡಾಡೋಕೆ ಶುರು ಮಾಡಿದ್ದು ಎಂದರೆ ಸರಿಯೇ?"

"ಎಂದರೆ ಸರಿಯಲ್ಲ."

ಗುರುಮಲ್ಲಪ್ಪನವರು ಮೀಸೆ ತಿರುವಿದರು. ಸಣ್ಣೀರಮ್ಮ ಮನೆದೇವರಿಗೆ ಕೈ ಮುಗಿದಳು. ಎದುರು ಲಾಯರು ಕ್ಯಾಮೆರಾ ಹುಡುಕುವವರ ಹಾಗೆ ಸೂರು ನೋಡಿ, ಗಿರಕ್ಕನೆ ತಿರುಗಿದರು.

"ಹಾಗಾದರೆ ಓಣಿ ನಿಮ್ಮ ತಾಯೀದು ಎಂದರೆ ಸರಿಯೇ?"

"ಎಂದರೆ ಸರಿಯಲ್ಲ."

ಸಣ್ಣೀರಮ್ಮ ಮುಗಿದ ಕೈ ಬಿಚ್ಚಿ ತಲೆ ಮೇಲೆ ಇಟ್ಟುಕೊಂಡಳು. ಗುರುಮಲ್ಲಪ್ಪನವರ ಮೀಸೆ ಇಳಿಯಿತು. ಜಡ್ಜಮ್ಮನವರಿಗೇ ತಡೆಯಲಾಗಲಿಲ್ಲ. "ಅವರದ್ದೂ ಅಲ್ಲ, ನಿಮ್ಮದೂ ಅಲ್ಲ. ಮತ್ತೆ ಯಾರದ್ದಪ್ಪ?"

ಇವರು ಎದುರು ಲಾಯರಲ್ಲವಲ್ಲ! ಬೈರಲಿಂಗ ಇದ್ದದ್ದನ್ನು ಹೇಳಿದ. "ಹಿಟ್ಟು ಬೀಸಿಸೋಕೆ ಬರೋರದ್ದು ತಾಯಿ. ನಮ್ಮಜ್ಜನ ಕಾಲದಿಂದ ಅವರೇ ನಡೀತಿರೋದು."

ಜಡ್ಜಮ್ಮ ಅದನ್ನೇ ಬರೆದುಕೊಂಡರು. ತಿಂಗಳು ತುಂಬಿದ ಮೇಲೆ ತೀರ್ಪು ಬಂತು. ಓಣಿ ಊರವರದ್ದು, ಅಡ್ಡ ಇರುವುದನ್ನೆಲ್ಲ ತೆಗೆದುಹಾಕತಕ್ಕದ್ದು. ಓಬಳೇಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಣ್ಣೀರಮ್ಮ ಮಗನ ತಲೆ ಸವರಿದಳು, ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ. "ನಾನು ಲಾಯರಿಗೆ ಹಾರ ಹಾಕಿ ಬರ್ತೀನಿ. ಅಷ್ಟರಲ್ಲಿ ಕೋರ್ಟು ಹೇಳ್ದಂಗೆ ಓಣಿಗೆ ಅಡ್ಡ ಇರೋದನ್ನೆಲ್ಲ ತೆಗೆದುಬಿಡು ಕಂದ."

"ಆಗಲಿ ಅವ್ವ."

ಸಾಯಂಕಾಲ ತಿರುಗಿ ಬಂದಳು. ಮುಳ್ಳು ಇರಲಿಲ್ಲ. ರಾಗಿ ಡಬ್ಬ ಹೊತ್ತ ಹೆಂಗಸರು ಸಾಲಾಗಿ ನಿಂತು ಬಾಯಿ ಮೇಲೆ ಕೈ ಇಟ್ಟಿದ್ದರು. ಹಿಟ್ಟಿನ ಮಿಶಿನ್ನು ಓಬಳೇಶನ ಜಗಲಿಯ ಮೇಲೆ ಕೂತಿತ್ತು. ಓಣಿಯ ಕೊನೆಯಲ್ಲಿ ಬೈರಲಿಂಗ ಹಾರೆ ಹಿಡಿದು, ಮೈಯೆಲ್ಲ ಮಣ್ಣಾಗಿ ನಿಂತಿದ್ದ.

"ಬಾ ಅವ್ವ, ಓಣಿ ಈಗ ನೆಟ್ಟಗೆ ಹಿಂದಿನ ಬೀದಿಗೇ ಹೋಗುತ್ತೆ. ಮುಳ್ಳು ಬಿಟ್ಟರೆ ಅಡ್ಡ ಇದ್ದಿದ್ದು ನಮ್ಮ ಮಿಶಿನ್ ಮನೆ ಒಂದೇ."